ಒತ್ತು ಒಡೆದರೆ ಇಂಗ್ಲಿಷಿಗೆ ಓಡಬೇಡಿ



ಹೋದ ತಿಂಗಳು ಒಬ್ಬರು ಮಗಳ ಲಗ್ನಪತ್ರಿಕೆ ತಂದರು, ಯೂನಿಕೋಡ್‌ನಲ್ಲಿ. ಇನ್‌ಡಿಸೈನ್‌ಗೆ ಹಾಕಿದೊಡನೆ ‘ಲಕ್ಷ್ಮೀವೆಂಕಟೇಶ್ವರ ಪ್ರಸನ್ನ’ದ ಒತ್ತುಗಳೆಲ್ಲ ಒಡೆದು ಸಾಲಾಗಿ ನಿಂತವು. “ಇಂಗ್ಲಿಷಲ್ಲೇ ಹೊಡೆದುಬಿಡಿ ಸ್ವಾಮಿ” ಎಂದರು. ಹೊಟ್ಟೆ ಉರಿಯಿತು. ತಪ್ಪು ಕನ್ನಡದ್ದೇ? ಅಲ್ಲ, ನಮ್ಮ ಸೆಟ್ಟಿಂಗಿನದು! ಅಪ್ಪನ ಕಾಲದಲ್ಲಿ ಮೊಳೆ ಬಿದ್ದರೆ ಕೈಯಲ್ಲಿ ಎತ್ತಿಡುತ್ತಿದ್ದರು; ಈಗ ಮೆನುವಿನಲ್ಲಿ ಹುಡುಕಬೇಕು, ಅಷ್ಟೆ.

ಮ್ಯಾಟರ್ ಪೂರ್ತಿ ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿದೆ. ಫಾಂಟೂ ಯೂನಿಕೋಡಿನದೇ ಇತ್ತು. ಒತ್ತುಗಳು ತಂತಮ್ಮ ಜಾಗಕ್ಕೆ ಬಂದವು.

ವರನ ಹೆಸರು ಮಾತ್ರ ‘ರಾಜ್ಕುಮಾರ್’ ಆಗಿಯೇ ಉಳಿಯಿತು. ‘ಜ್’ ಆದ ಮೇಲೆ ಟೈಪ್ ಮೆನುವಿನ ಸ್ಪೆಷಲ್ ಕ್ಯಾರೆಕ್ಟರುಗಳಿಂದ, ಕಣ್ಣಿಗೆ ಕಾಣದ ‘ನಾನ್-ಜಾಯ್ನರ್’ ಸೇರಿಸಿದೆ. ‘ರಾಜ್‌ಕುಮಾರ್’ ಆಯಿತು. ಅವರು ಪ್ರೂಫ್ ಎರಡು ಸಲ ಓದಿ, ಕನ್ನಡದಲ್ಲೇ 300 ಪ್ರತಿ ಹೇಳಿ ಹೋದರು.