ಬೆಳಗಾವಿಯಲ್ಲಿ ಒಂದು ದಿನ



ಊರು ನೋಡಿ ಬಂದೆವು ಎಂದರೆ ನಮ್ಮಲ್ಲಿ ಅನೇಕರಿಗೆ ದೇವಸ್ಥಾನ, ಪೇಟೆ, ಖಾನಾವಳಿ ಈ ಮೂರೂ ಮುಗಿದವೆಂದೇ ಅರ್ಥ. ಆದರೆ ಕೆಲವು ಊರುಗಳು ಹಳೆಯ ಗಾಯಗಳನ್ನು ಹೊತ್ತಿರುತ್ತವೆ. ಆಫ್ರಿಕದ ಜಾಂಜಿಬಾರಿಗೆ ಹೋದವರು, 1873ರವರೆಗೆ ಗುಲಾಮರ ಸಂತೆ ನೆರೆಯುತ್ತಿದ್ದ ನೆಲದ ಮೇಲೆ ಈಗ ಚರ್ಚು ನಿಂತಿರುವುದನ್ನು ಕಾಣುತ್ತಾರೆ. ನೋವುಂಡ ಊರನ್ನು ಕಾಣಲು ನಾವು ಕಡಲು ದಾಟಬೇಕಾಗಿಲ್ಲ. ನೋವಿನ ಬಗೆ ಬೇರೆಯಾದರೂ ನಮ್ಮ ಬೆಳಗಾವಿಗೂ ಅದು ತಪ್ಪಿದ್ದಲ್ಲ.

ಹುಕ್ಕೇರಿ ತಾಲ್ಲೂಕಿನ ದಡ್ಡಿ ಗಡಿಯಂಚಿನ ಊರು. ಅಲ್ಲಿ ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ. ನಸುಕಿನಲ್ಲಿ ಅಲ್ಲಿಂದ ಹೊರಟು ಹೆದ್ದಾರಿಗೆ ಬಂದು ಬಸ್ಸು ಹಿಡಿದರೆ, ಬಿಸಿಲೇರುವ ಮುನ್ನ ನೀವು ಬೆಳಗಾವಿಯ ಕೋಟೆಯ ಬಾಗಿಲಲ್ಲಿರುತ್ತೀರಿ.

ಒಳಗೆ ಮೊದಲು ಕಮಲ ಬಸದಿಯನ್ನು ನೋಡಿ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಇದನ್ನು ಕಟ್ಟಿಸಿದನು. ಆಗ ಊರಿನ ಹೆಸರು ವೇಣುಗ್ರಾಮ. ಛತ್ತಿನಲ್ಲಿ ತೂಗುವ ಕಲ್ಲಿನ ಕಮಲಕ್ಕೆ 72 ಎಸಳು. ಹಿಂದಿನ, ಇಂದಿನ, ಮುಂದಿನ ಮೂರು ಕಾಲಗಳ ತೀರ್ಥಂಕರರು ಅವುಗಳಲ್ಲಿದ್ದಾರೆ. ರಟ್ಟರ ಆ ಕಾಲದ ಎರಡು ಶಾಸನಗಲ್ಲುಗಳು ಬೆಳಗಾವಿಯನ್ನು ಬಿಟ್ಟು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ. ನಮ್ಮ ಅಕ್ಷರವನ್ನು ಓದಲು ನಾವೇ ಹಡಗು ಹತ್ತಬೇಕಾದ ಸ್ಥಿತಿ!

ಕೋಟೆಯಲ್ಲಿ ಸೇನೆಯ ಠಾಣ್ಯವಿರುವುದರಿಂದ ಎಲ್ಲೆಡೆ ಅಡ್ಡಾಡಲು ಬಿಡುವುದಿಲ್ಲ. ಅಪ್ಪಣೆ ಸಿಕ್ಕರೆ ಸಫಾ ಮಸೀದಿಯನ್ನೂ ನೋಡಿ. ಬಿಜಾಪುರದ ಸರದಾರ ಅಸದ್ ಖಾನನು 16ನೆಯ ಶತಮಾನದಲ್ಲಿ ಕಟ್ಟಿಸಿದ ಈ ಮಸೀದಿಯ ಕಂಬಗಳಲ್ಲಿ ಹಲವು ಹಳೆಯ ಗುಡಿಗಳವು. ಒಂದರ ಮೇಲೆ ಕಾರ್ತವೀರ್ಯನ ಕಾಲದ 1199ರ ಬರಹ, ಇನ್ನೊಂದರ ಮೇಲೆ ಸೇವುಣ ಕೃಷ್ಣನ ಕಾಲದ 1261ರ ಬರಹ. ರಟ್ಟರು ಹೋದರು, ಸೇವುಣರು ಹೋದರು, ಬಹಮನಿ ಮಂತ್ರಿ ಮಹಮೂದ್ ಗವಾನನು ಮುತ್ತಿಗೆ ಹಾಕಿ ಕೋಟೆಯನ್ನು ಗೆದ್ದನು, ಮರಾಠರು ಆಳಿದರು, 1818ರಲ್ಲಿ ಮನ್ರೋ ಇಂಗ್ಲಿಷರ ಬಾವುಟವನ್ನೇರಿಸಿದನು. ಗೆದ್ದವರೆಲ್ಲ ಬದಲಾದರು. ಕಂಬ ಮಾತ್ರ ಹೊಸ ಮಾಳಿಗೆಯನ್ನು ಹೊತ್ತುಕೊಂಡು ಹಳೆಯ ಮಾತನ್ನು ಬಿಡದೆ ನಿಂತಿದೆ.

ಮಧ್ಯಾಹ್ನ ಖಡೇಬಜಾರಿನಲ್ಲಿ ಕುಂದಾ ಕೊಳ್ಳುತ್ತ ಕಿವಿಗೊಡಿ. ಅಂಗಡಿಕಾರರು ಗಿರಾಕಿಯ ಬಾಯಿಂದ ಯಾವ ಮಾತು ಬಂದಿತೋ ಅದೇ ಮಾತಿನಲ್ಲಿ ಬೆಲೆ ಹೇಳುತ್ತಾರೆ. ಜಗಳವೇನಿದ್ದರೂ ತಲೆಯ ಮೇಲಿನ ನಾಮಫಲಕದಲ್ಲಿ, ತಕ್ಕಡಿಯಲ್ಲಲ್ಲ.

ಇಳಿಹೊತ್ತಿಗೆ ಟಿಳಕವಾಡಿಗೆ ಹೋಗಿ, ಕಾಂಗ್ರೆಸ್ ಬಾವಿಯ ದಂಡೆಯಲ್ಲಿ ಒಂದು ಗಳಿಗೆ ನಿಲ್ಲಿರಿ. ಗಾಂಧೀಜಿಯವರು ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಇಲ್ಲಿ ನಡೆಯಿತು. ಬಂದ ಜನರ ನೀರಡಿಕೆಗಾಗಿ ಈ ಬಾವಿಯನ್ನು ತೋಡಿಸಿದರು. ಮುಂದೆ ನಿಂತು ಎಲ್ಲವನ್ನೂ ನಡೆಸಿದವರು ಗಂಗಾಧರರಾವ ದೇಶಪಾಂಡೆಯವರು. ಅದೇ ಸಮಯದಲ್ಲಿ ಇದೇ ಊರಿನಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಅದಕ್ಕೂ ಮೊದಲು, 1916ರಲ್ಲಿ, ಟಿಳಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ್ದೂ ಇಲ್ಲಿಯೇ. ಬಾವಿಯ ನೀರನ್ನು ಕುಡಿದವರ ಭಾಷೆ ಯಾವುದೆಂದು ಆ ದಿನ ಯಾರೂ ಕೇಳಿರಲಾರರು.

ಗಾಯ ಹಸಿಯಾದದ್ದು ಆಮೇಲೆ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಚಂದಗಡ ತಾಲ್ಲೂಕು ಅತ್ತಲೇ ಉಳಿಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ, ಬೆಳಗಾವಿ ನಗರ ನಮ್ಮಲ್ಲೇ ಇರತಕ್ಕದ್ದೆಂದು 1967ರಲ್ಲಿ ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1986ರ ಚಳವಳಿಯಲ್ಲಿ ಜೀವಗಳೂ ಹೋದುವು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. 2014ರಲ್ಲಿ ‘ಬೆಳಗಾಂ’ ಹೋಗಿ ‘ಬೆಳಗಾವಿ’ ಎಂಬ ಹೆಸರು ಸರ್ಕಾರಿ ಕಾಗದಗಳಲ್ಲಿಯೂ ಸ್ಥಿರವಾಯಿತು. ಆದರೂ ಎಲ್ಲೋ ಒಂದು ಮಾತು ಹೊತ್ತಿಕೊಂಡರೆ ಗಡಿಯಲ್ಲಿ ಬಸ್ಸು ನಿಲ್ಲುತ್ತದೆ. ಆಗ ಕಷ್ಟಪಡುವವರು ಯಾರು? ದವಾಖಾನೆಗೆ ಹೊರಟ ಮುದುಕಿ, ಪರೀಕ್ಷೆಗೆ ಹೊರಟ ಹುಡುಗ, ತರಕಾರಿಯ ಬುಟ್ಟಿ ಹೊತ್ತ ರೈತ.

“ಗುರುಗಳ, ಬೆಳಗಾವಿ ಯಾರದು ಅನ್ನೂದು ಇನ್ನೂ ತೀರಿಲ್ಲೇನ್ರಿ?” ಎಂದು ತರಗತಿಯಲ್ಲಿ ಹುಡುಗರು ಕೇಳುವುದುಂಟು. ಆಯೋಗದ ಮಾತನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕನ್ನಡ ಈ ನೆಲದಲ್ಲಿ ಹಳೆಯದೆಂಬುದಕ್ಕೆ ಶಾಸನಗಳ ಸಾಕ್ಷಿಯುಂಟು. ಅದನ್ನು ಹೇಳಲು ಅಂಜಬೇಕಾಗಿಲ್ಲ. ಆದರೆ ಹಳಮೆ ಎಂಬುದು ನೆರೆಯವರನ್ನು ಹೊರಗಟ್ಟಲು ಕೊಟ್ಟ ದೊಣ್ಣೆಯಲ್ಲ, ಮನೆಯ ಹಿರಿಯನಿಗೆ ಒದಗಿದ ಹೊಣೆ. ಹಿರಿಯನಾದವನು ಪಂಕ್ತಿಯಲ್ಲಿ ಕುಳಿತವರೆಲ್ಲ ಉಂಡರೇ ಎಂದು ಮೊದಲು ನೋಡುತ್ತಾನೆ. ಮನೆಯಲ್ಲಿ ಮರಾಠಿಯಾಡುವ ಮಗು ನಮ್ಮ ಶಾಲೆಯಲ್ಲಿ ಪ್ರೀತಿಯಿಂದ ಕನ್ನಡ ಕಲಿತಿತೆಂದರೆ ಗಡಿ ಒಂದು ಕಲ್ಲಿನಷ್ಟು ಭದ್ರವಾಯಿತೆಂದೇ ನಾನು ಎಣಿಸುತ್ತೇನೆ.

ಆದುದರಿಂದ ನೀವು ಬೆಳಗಾವಿಗೆ ಹೋದಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಕೋಟೆಯ ಕಂಬವನ್ನೂ ಪೇಟೆಯ ತಕ್ಕಡಿಯನ್ನೂ ಟಿಳಕವಾಡಿಯ ಬಾವಿಯನ್ನೂ ಒಂದೇ ದಿನ ತೋರಿಸಿರಿ. ಊರು ಯಾರದೆಂಬ ವಾದಕ್ಕೆ ನ್ಯಾಯಾಲಯವಿದೆ. ಊರಿನಲ್ಲಿ ಹೇಗೆ ಬಾಳಬೇಕೆಂಬುದನ್ನು ಮಾತ್ರ ನಾವೇ ಕಲಿಸಬೇಕು.