ಸೀಗೆಪುಡಿಯಿಂದ ಸ್ಯಾಶೆಗೆ: ಅಂದದ ಖರ್ಚಿನ ಲೆಕ್ಕ

(ಮಹಿಳಾ ಕಾಲೇಜೊಂದರ ಗ್ರಾಹಕ ವೇದಿಕೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ)



ಕಡಿಮೆ ಖರ್ಚಿನಲ್ಲಿ ಅಂದ ಕಾಪಾಡಿಕೊಳ್ಳುವುದು ಹೇಗೆ ಎಂಬ ವಿಷಯ ಕೊಟ್ಟಿದ್ದೀರಿ. ಇದಕ್ಕೆ ಬ್ಯೂಟಿ ಪಾರ್ಲರಿನವರನ್ನು ಕರೆಯದೆ ಪತ್ರಿಕೆಯವಳನ್ನು ಏಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಮುಖಕ್ಕೆ ಏನು ಹಚ್ಚಬೇಕೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಕೊಟ್ಟ ದುಡ್ಡು ಯಾವುದಕ್ಕೆ ಹೋಯಿತು, ಅಗ್ಗ ಎಂದು ತಂದದ್ದು ನಿಜವಾಗಿಯೂ ಅಗ್ಗವೇ ಎಂದು ಕೇಳುವವರು ಕಡಿಮೆ. ನಾನು ಆ ಪ್ರಶ್ನೆಯನ್ನು ಇಟ್ಟುಕೊಂಡು ಬಂದಿದ್ದೇನೆ.

ಮೊದಲು ಅಜ್ಜಿಯರ ಕಾಲದಿಂದ ಶುರು ಮಾಡೋಣ. ನರಕ ಚತುರ್ದಶಿಯ ಎಣ್ಣೆಸ್ನಾನ ನಿಮಗೆಲ್ಲ ಗೊತ್ತು. ತಲೆಗೆ ಎಣ್ಣೆ, ಆಮೇಲೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡಿ ತಲೆಗೆ ಹಾಕುತ್ತಿದ್ದರು. ಕಣ್ಣಿಗೆ ಕಾಡಿಗೆ ಬೇಕೆಂದರೆ ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ಮಸಿ ಕೂಡಿಸಿ ಬೆಣ್ಣೆಯಲ್ಲಿ ಕಲಸುತ್ತಿದ್ದರು. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಕುಂಕುಮ ಮಾಡುವ ಗುಟ್ಟೂ ಅದೇ.

ಇದರ ಹಿಂದೆ ವಿಜ್ಞಾನವೂ ಇದೆ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಎಂಬ ಪದಾರ್ಥವಿದೆ. ಅದು ನೀರಿನಲ್ಲಿ ನೊರೆ ಕೊಟ್ಟು ಜಿಡ್ಡನ್ನು ಬಿಡಿಸುತ್ತದೆ. ಸೋಪು ಮಾಡುವ ಕೆಲಸವೂ ಇದೇ.

ಆದರೆ ಹಳೆಯದೆಲ್ಲ ಪುಕ್ಕಟೆಯಾಗಿತ್ತು ಎಂದು ಹೇಳುವುದು ಅರ್ಧ ಸತ್ಯ. ಸೀಗೆಕಾಯಿಯನ್ನು ಬಿಸಿಲಿಗೆ ಹಾಕಬೇಕು, ಕುಟ್ಟಬೇಕು, ಜರಡಿ ಹಿಡಿಯಬೇಕು. ಹಂಡೆಯ ಒಲೆಗೆ ಸೌದೆ ಹೊಂದಿಸಬೇಕು. ಉದ್ದ ಕೂದಲಿನಿಂದ ಪುಡಿ ಹೋಗುವ ತನಕ ನೀರು ಹೊಯ್ಯಬೇಕು. ದುಡ್ಡು ಹೋಗುತ್ತಿರಲಿಲ್ಲ, ಹೊತ್ತು ಹೋಗುತ್ತಿತ್ತು. ಆ ಹೊತ್ತು ಮನೆಯ ಹೆಂಗಸರದು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಳಿಗ್ಗೆ ಏಳು ಗಂಟೆಯ ಬಸ್ಸು ಹಿಡಿದು ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹುಡುಗಿ ಶಾಂಪೂ ಕೊಂಡರೆ ಅದನ್ನು ಶೋಕಿ ಎನ್ನಲಾಗದು. ಅವಳು ಅರ್ಧ ಗಂಟೆ ಸಮಯವನ್ನು ಕೊಳ್ಳುತ್ತಿದ್ದಾಳೆ.

ಇನ್ನು ಸೋಪಿಗೆ ಬರೋಣ. ನಮ್ಮ ನಾಡಿನ ಹೆಮ್ಮೆಯ ಮೈಸೂರು ಸ್ಯಾಂಡಲ್ ಹುಟ್ಟಿದ್ದು ಯುದ್ಧದ ತೊಂದರೆಯಿಂದ. ಮೊದಲನೇ ಮಹಾಯುದ್ಧ ಶುರುವಾದಾಗ ಯೂರೋಪಿಗೆ ಹೋಗಬೇಕಿದ್ದ ಗಂಧದ ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಮರವನ್ನು ಮಾರಲಾಗದಿದ್ದರೆ ಎಣ್ಣೆ ತೆಗೆಯೋಣ ಎಂದು 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಮಾಡಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಬಂತು. ಎಸ್.ಜಿ. ಶಾಸ್ತ್ರಿಯವರು ಲಂಡನ್ನಿನಲ್ಲಿ ತರಬೇತಿ ಪಡೆದು ಬಂದು ಅದಕ್ಕೆ ಪರಿಮಳದ ಹದ ಕೊಟ್ಟರು. ಆದರೂ ಗಂಧದ ಸೋಪು ಬಹಳ ಮನೆಗಳಲ್ಲಿ ಹಬ್ಬಕ್ಕೆ, ನೆಂಟರಿಗೆ ಎಂದೇ ಎತ್ತಿಡುವ ವಸ್ತುವಾಗಿತ್ತು.

ಶಾಂಪೂ ಕಥೆ ಇನ್ನೂ ಸ್ವಾರಸ್ಯ. ಈ ಪದ ಇಂಗ್ಲಿಷಿಗೆ ಹೋದದ್ದು ನಮ್ಮಿಂದ. ಒತ್ತು, ತೀಡು ಎನ್ನುವುದಕ್ಕೆ ಹಿಂದಿಯಲ್ಲಿರುವ ‘ಚಾಂಪೋ’ ಅದರ ಮೂಲ. ಪಟ್ನಾದ ಶೇಖ್ ದೀನ್ ಮಹಮ್ಮದ್ ಎಂಬಾತ 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಅಲ್ಲಿಯವರಿಗೆ ಮೈ ತಿಕ್ಕುವ ಚಿಕಿತ್ಸೆ ಕೊಟ್ಟ. ಅಲ್ಲಿ ಆ ಮಾತು ಕ್ರಮೇಣ ತಲೆ ತೊಳೆಯುವುದಕ್ಕೆ ಅಂಟಿಕೊಂಡಿತು. ಕೊನೆಗೆ ಬಾಟಲಿಯೊಳಗೆ ಕೂತು ನಮ್ಮ ಊರಿಗೇ ಹಿಂದಿರುಗಿತು. ಬೆಲೆ ಮಾತ್ರ ಉಳ್ಳವರ ಕೈಗೆ ಎಟುಕುವಂತಿತ್ತು.

ಇದನ್ನು ಬದಲಿಸಿದ್ದು ದೊಡ್ಡ ಕಂಪೆನಿಯಲ್ಲ, ತಮಿಳುನಾಡಿನ ಕಡಲೂರಿನ ಒಂದು ಕುಟುಂಬ. ಚಿನ್ನಿ ಕೃಷ್ಣನ್ ಎಂಬವರು ಟಾಲ್ಕಂ ಪುಡಿ, ಎಪ್ಸಮ್ ಸಾಲ್ಟ್ ಮುಂತಾದವನ್ನು ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಮಾರಿದರು. ತಾನು ಮಾಡಿದ ಸಾಮಾನು ಕೂಲಿಯವನಿಗೂ ರಿಕ್ಷಾ ಎಳೆಯುವವನಿಗೂ ಸಿಗಬೇಕೆಂಬುದು ಅವರ ಆಸೆಯಾಗಿತ್ತಂತೆ. ಅವರ ಕಾಲಾನಂತರ ಮಕ್ಕಳು ವೆಲ್ವೆಟ್ ಶಾಂಪೂವನ್ನು ಸ್ಯಾಶೆಯಲ್ಲಿ ತಂದರು. ಮಕ್ಕಳಲ್ಲೊಬ್ಬರಾದ ಸಿ.ಕೆ. ರಂಗನಾಥನ್ 1983ರಲ್ಲಿ ಹದಿನೈದು ಸಾವಿರ ರೂಪಾಯಿ ಬಂಡವಾಳದೊಂದಿಗೆ ಬೇರೆ ಹೋಗಿ ‘ಚಿಕ್’ ಶಾಂಪೂ ಶುರು ಮಾಡಿದರು. ಖಾಲಿ ಸ್ಯಾಶೆ ಐದು ತಂದುಕೊಟ್ಟರೆ ಒಂದು ತುಂಬಿದ ಸ್ಯಾಶೆ ಉಚಿತ ಎಂಬ ಅವರ ಯೋಜನೆ ಹಳ್ಳಿಹಳ್ಳಿಗೆ ಹಬ್ಬಿತು. ಆಮೇಲೆ ದೊಡ್ಡ ಕಂಪೆನಿಗಳೂ ಅದೇ ದಾರಿ ಹಿಡಿದವು. ಇಂದು ಪೆಟ್ಟಿಗೆ ಅಂಗಡಿಯ ಬಾಗಿಲಲ್ಲಿ ತೋರಣದಂತೆ ತೂಗುವ ಸರಗಳಿಗೆ ಇದೇ ಮೂಲ.

ಇಲ್ಲಿ ಒಂದು ಲೆಕ್ಕ ಹಾಕೋಣ. ಸ್ಯಾಶೆಗೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ಜನರ ಮನೆ, ವಾರಕ್ಕೆ ಎರಡು ಸಲ ತಲೆಸ್ನಾನ. ವಾರಕ್ಕೆ 8, ವರ್ಷಕ್ಕೆ 416 ರೂಪಾಯಿ. ಸಣ್ಣ ಪೊಟ್ಟಣ ಯಾವಾಗಲೂ ದುಬಾರಿ ಎಂಬ ಮಾತಿದೆ. ಶಾಂಪೂ ವಿಷಯದಲ್ಲಿ ನಮ್ಮ ದೇಶದಲ್ಲಿ ಅನೇಕ ಸಲ ಇದು ತಲೆಕೆಳಗು, ಬಾಟಲಿಯೇ ದುಬಾರಿ! ಆದ್ದರಿಂದ ಭಾಗಿಸಿ ನೋಡಿ. ಒಂದು ರೂಪಾಯಿಗೆ 5 ಮಿ.ಲೀ. ಸಿಕ್ಕರೆ 100 ಮಿ.ಲೀ.ಗೆ 20 ರೂಪಾಯಿ ಆಯಿತು. ಬಾಟಲಿಯಲ್ಲಿ ಅಷ್ಟಕ್ಕೆ ಎಷ್ಟು ಎಂದು ಹೋಲಿಸಿ. ಗ್ರಾಂ ಅಥವಾ ಮಿ.ಲೀ. ಲೆಕ್ಕದ ದರ ಈಗ ಅನೇಕ ಪ್ಯಾಕೆಟ್ಟುಗಳ ಮೇಲೆ ಅಚ್ಚಾಗಿರುತ್ತದೆ, ಅಕ್ಷರ ಸಣ್ಣದಿದ್ದರೂ ಓದಿ. ಆದರೆ ಆ 416 ಖಾಲಿ ಪೊಟ್ಟಣಗಳ ಲೆಕ್ಕವನ್ನೂ ಬಿಡಬಾರದು. ಪದರ ಪದರ ಅಂಟಿಸಿದ ಆ ಪ್ಲಾಸ್ಟಿಕ್ಕನ್ನು ಗುಜರಿಯವರೂ ಕೊಳ್ಳುವುದಿಲ್ಲ. ಅದು ಮೋರಿಗೆ ಹೋಗುತ್ತದೆ. ಮೋರಿ ಕಟ್ಟಿದರೆ ಕೈ ಹಾಕುವವರು ಪೌರಕಾರ್ಮಿಕರು.

ಈಗ ಕಹಿ ಮಾತಿಗೆ ಬರುತ್ತೇನೆ. ಸ್ವಚ್ಛತೆಯ ಜೊತೆಗೇ ಅಗ್ಗದ ದರದಲ್ಲಿ ಇನ್ನೊಂದನ್ನು ನಮಗೆ ಮಾರಿದರು, ಕಪ್ಪು ಎಂಬ ಭಯವನ್ನು. ಫೇರ್ ಅಂಡ್ ಲವ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಬಣ್ಣದ ಮೇಲಿನ ವ್ಯಾಮೋಹ ಅದಕ್ಕೂ ಹಳೆಯದು, ವಧುಪರೀಕ್ಷೆಯ ಮಾತುಗಳನ್ನು ಕೇಳಿದವರಿಗೆ ಗೊತ್ತು. ಜಾಹೀರಾತು ಆ ಗಾಯಕ್ಕೆ ಬೆಲೆ ಕಟ್ಟಿತು, ಅಷ್ಟೇ. ಮುಖ ಬೆಳ್ಳಗಾದರೆ ಕೆಲಸ ಸಿಗುತ್ತದೆ, ಗಂಡು ಸಿಗುತ್ತದೆ ಎಂದು ತೋರಿಸಿತು. 1994ರಲ್ಲಿ ವಿಶ್ವಸುಂದರಿ, ಭುವನಸುಂದರಿ ಎರಡೂ ಕಿರೀಟ ಭಾರತಕ್ಕೆ ಬಂದವು. 1996ರಲ್ಲಿ ಬೆಂಗಳೂರಿನಲ್ಲೇ ವಿಶ್ವಸುಂದರಿ ಸ್ಪರ್ಧೆ ನಡೆಯಿತು, ಬೀದಿಯಲ್ಲಿ ಪ್ರತಿಭಟನೆಗಳೂ ನಡೆದವು. ಇತ್ತ ಮಾರುಕಟ್ಟೆ ಬೆಳೆಯುತ್ತಲೇ ಹೋಯಿತು. 2020ರಲ್ಲಿ ಆ ಕ್ರೀಮು ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾಯಿತು, ಮನೆಯಲ್ಲಿ ಆಡುವ ಮಾತು ಇನ್ನೂ ಬದಲಾಗಬೇಕಾಗಿದೆ.

ಈ ಭಯಕ್ಕೆ ತೆರುವ ಬೆಲೆ ದುಡ್ಡಿನಲ್ಲಿ ಮುಗಿಯುವುದಿಲ್ಲ. ಹೆಸರು ವಿಳಾಸ ಸರಿಯಾಗಿಲ್ಲದ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಅದು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ಹಲವರನ್ನು ವೈದ್ಯರು ವಿಚಾರಿಸಿದಾಗ ಸಿಕ್ಕ ಸಮಾನ ಅಂಶ ಇಂಥ ಕ್ರೀಮುಗಳೇ. ಬಳಕೆ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಎರಡನೆಯ ಅಪಾಯ ಸ್ಟೆರಾಯ್ಡ್ ಮುಲಾಮು. ಇದು ಚರ್ಮರೋಗಕ್ಕೆ ವೈದ್ಯರು ಕೊಡುವ ಔಷಧ. ಮೊದಲ ವಾರ ಮುಖ ತಿಳಿಯಾದಂತೆ ಕಾಣುವುದರಿಂದ ಅದನ್ನು ದಿನವೂ ಹಚ್ಚುವ ಚಾಳಿ ಬಂದಿದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಏಳುತ್ತವೆ. ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಅಂಗಡಿಯವರು ಚೀಟಿ ಕೇಳದೆ ಕೊಟ್ಟರೂ ನೀವು ಕೊಳ್ಳಬೇಡಿ.

‘ನೈಸರ್ಗಿಕ’ ಎಂದಾಕ್ಷಣ ನಂಬಬೇಡಿ ಎಂಬುದನ್ನೂ ಸೇರಿಸುತ್ತೇನೆ. ಮದರಂಗಿ ಎಲೆ ಕೊಡುವುದು ಕಿತ್ತಳೆ ಮಿಶ್ರಿತ ಕೆಂಪು. ಹಚ್ಚಿದ ಕೂಡಲೇ ಕಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಸಾಮಾನ್ಯವಾಗಿ ಕೂದಲ ಬಣ್ಣದ ರಾಸಾಯನಿಕ ಇರುತ್ತದೆ, ಕೆಲವರಿಗೆ ಬೊಬ್ಬೆ ಬರುತ್ತದೆ. ಬಿಡಿಯಾಗಿ ಸಿಗುವ ಅರಿಸಿನ ಪುಡಿಗೆ ಹಳದಿ ಹೆಚ್ಚಲೆಂದು ಸೀಸದ ಸಂಯುಕ್ತ ಬೆರೆಸಿದ ಪ್ರಕರಣಗಳು ಸಿಕ್ಕಿವೆ. ಕೊಂಬು ತಂದು ಪುಡಿ ಮಾಡಿಸುವುದು ಕ್ಷೇಮ. ಸುರ್ಮಾದಲ್ಲೂ ಸೀಸ ಇರಬಹುದು, ಮಗುವಿನ ಕಣ್ಣಿಗಂತೂ ಹಚ್ಚಲೇಬೇಡಿ. ನಿಂಬೆರಸ ಸವರಿಕೊಂಡು ಬಿಸಿಲಿಗೆ ಹೋದರೆ ಕಲೆ ಹೋಗುವುದಿರಲಿ, ಚರ್ಮ ಸುಟ್ಟು ಹೊಸ ಕಲೆ ಬೀಳಬಹುದು.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ನಾಲ್ಕೈದು ಮಾತು ಹೇಳುತ್ತೇನೆ.

ಸೋಪಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದಿರುತ್ತದೆ. ಒಟ್ಟು ಕೊಬ್ಬಿನಾಮ್ಲದ ಪ್ರಮಾಣ ಎಂದು ಅರ್ಥ. ಅದು ಶೇ 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಬೆಲೆ ಒಂದೇ ಇರುವ ಎರಡು ಸೋಪುಗಳಲ್ಲಿ ಆರಿಸಿಕೊಳ್ಳಲು ಇದು ಸುಲಭದ ಅಳತೆ. ಸೋಪನ್ನು ನೀರು ನಿಲ್ಲದ ಡಬ್ಬಿಯಲ್ಲಿಟ್ಟರೆ ಬೇಗ ಕರಗುವುದಿಲ್ಲ.

ಚಳಿಗಾಲದಲ್ಲಿ ಕೈಕಾಲು ಒಡೆದರೆ ದುಬಾರಿ ಲೋಷನ್ ಬೇಕಿಲ್ಲ. ಸ್ನಾನ ಮುಗಿದು ಮೈ ಇನ್ನೂ ಹಸಿಯಿರುವಾಗಲೇ ಸ್ವಲ್ಪ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ ಬಗೆಯ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಿ. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ಜೆಲ್ಲಿ ಚರ್ಮದ ತೇವ ಆರದಂತೆ ತಡೆಯುವುದರಲ್ಲಿ ಇಂದಿಗೂ ಹಿಂದೆ ಬಿದ್ದಿಲ್ಲ. ಮೊಡವೆ ಇರುವ ಮುಖಕ್ಕೆ ಮಾತ್ರ ಎಣ್ಣೆ ಬೇಡ.

ತಲೆಗೆ ಸ್ನಾನದ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಅಜ್ಜಿಯ ಪದ್ಧತಿ ಒಳ್ಳೆಯದು. ಅದು ಕೂದಲೊಳಗೆ ಇಳಿದು ತೊಳೆಯುವಾಗ ಆಗುವ ಸವಕಳಿಯನ್ನು ಕಡಿಮೆ ಮಾಡುತ್ತದೆ. ಶಾಂಪೂವನ್ನು ಚೊಂಬಿನ ನೀರಿನಲ್ಲಿ ಕದಡಿ ಹಾಕಿಕೊಂಡರೆ ಅರ್ಧದಷ್ಟರಲ್ಲೇ ಕೆಲಸ ಆಗುತ್ತದೆ. ಬಿಸಿಲಿಗೆ ಕೊಡೆ ಹಿಡಿಯಿರಿ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಯಾವುದೇ ಹೊಸ ಕ್ರೀಮು, ಕೂದಲ ಬಣ್ಣ ತಂದರೂ ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾಯಿರಿ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನ ಇವು ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದಿದ್ದರೆ ಗ್ರಾಹಕರ ಆಯೋಗದ ಮುಂದೆ ಹೇಳಿಕೊಳ್ಳುವುದು ಕಷ್ಟ.

ಕೊನೆಯದಾಗಿ ನಿಮ್ಮ ವೇದಿಕೆಗೆ ಒಂದು ಕೆಲಸ ಸೂಚಿಸುತ್ತೇನೆ. ಒಂದು ತಿಂಗಳು ಪ್ರತಿಯೊಬ್ಬರೂ ಪುಸ್ತಕದಲ್ಲಿ ಎರಡು ಪಟ್ಟಿ ಬರೆಯಿರಿ. ಶುಚಿಯಾಗಿರಲು ಕೊಂಡದ್ದು ಒಂದು ಕಡೆ. ಯಾರೋ ಏನೋ ಅಂದಾರು ಎಂದು ಕೊಂಡದ್ದು ಇನ್ನೊಂದು ಕಡೆ. ತಿಂಗಳ ಕೊನೆಗೆ ಎರಡನ್ನೂ ಕೂಡಿ. ಮೊದಲನೆಯ ಪಟ್ಟಿಯಲ್ಲಿ ಉಳಿಸಲು ಹೆಚ್ಚೇನೂ ಇರಲಾರದು, ಅದರಲ್ಲಿ ಜಿಪುಣತನವೂ ಬೇಡ. ಎರಡನೆಯದನ್ನು ಮನೆಯಲ್ಲಿ ಅಮ್ಮನಿಗೆ, ಅತ್ತಿಗೆಗೆ, ಅಣ್ಣತಮ್ಮಂದಿರಿಗೂ ತೋರಿಸಿ. ಆ ಖರ್ಚಿನಲ್ಲಿ ಅವರ ಮಾತಿನ ಪಾಲೂ ಇದೆಯೆಂದು ಅವರಿಗೂ ತಿಳಿಯಲಿ.