'ಪಟ್ಟಾಭಿಷೇಕ'ವೆಂಬ ಶಬ್ದದ ಅರ್ಥ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



'ಪಟ್ಟಾಭಿಷೇಕ'ವೆಂದೊಡನೆ ನಮ್ಮ ಮಕ್ಕಳು ಕಿರೀಟದ ಚಿತ್ರವನ್ನು ಬರೆಯುತ್ತಾರೆ. ಆದರೆ ಈ ಶಬ್ದದಲ್ಲಿ ಕಿರೀಟದ ಮಾತೇ ಇಲ್ಲ. ಪಟ್ಟವೆಂದರೆ ಅರಸನ ಹಣೆಗೆ ಕಟ್ಟುವ ಪಟ್ಟಿ. ಅಭಿಷೇಕವೆಂದರೆ ಮಂತ್ರಪೂತವಾದ ಜಲವನ್ನು ಅವನ ಮೇಲೆ ಎರೆಯುವುದು. ಈ ಎರಡು ಕ್ರಿಯೆಗಳು ಕೂಡಿ ಒಂದು ಶಬ್ದವಾಗಿವೆ.

ಇವೆರಡರಲ್ಲಿ ಕನ್ನಡಿಗರ ನಾಲಗೆಗೆ ಹೆಚ್ಚು ಒಗ್ಗಿದುದು ಪಟ್ಟವೇ. ರಾಷ್ಟ್ರಕೂಟರ ಮೂರನೆಯ ಇಂದ್ರನು ಕ್ರಿ.ಶ. 915ರಲ್ಲಿ ತನ್ನ 'ಪಟ್ಟಬಂಧ'ದ ಉತ್ಸವಕ್ಕಾಗಿ ಕುರುಂದಕಕ್ಕೆ ಹೋದುದನ್ನು ಅವನ ತಾಮ್ರಶಾಸನಗಳು ಹೇಳುತ್ತವೆ. ಪಂಪನ ಭಾರತದಲ್ಲಿ ಸೇನಾಪತಿಗೂ ಪಟ್ಟ ಕಟ್ಟುವುದುಂಟು. ಪಟ್ಟದರಸಿ, ಪಟ್ಟದಾನೆ, ಮಠಗಳ ಪಟ್ಟಾಧಿಕಾರ ಇವೆಲ್ಲವೂ ಅದೇ ಬೇರಿನ ಚಿಗುರುಗಳು. ನಿರಪರಾಧಿಗೆ 'ಕಳ್ಳನೆಂಬ ಪಟ್ಟ ಕಟ್ಟಿದರು' ಎಂದು ಮರುಗುವಾಗಲೂ ನಾವು ಆಡುವುದು ಆ ಅರಮನೆಯ ಮಾತನ್ನೇ. ಮಾನವಾಗಲಿ, ಅಪಮಾನವಾಗಲಿ, ಪಟ್ಟವನ್ನು ಕಟ್ಟುವವರು ಇತರರು. ತನ್ನ ಹಣೆಗೆ ತಾನೇ ಕಟ್ಟಿಕೊಳ್ಳುವಂಥದು ಅದಲ್ಲ.

ಬಳಕೆಯಲ್ಲಿ ಇನ್ನೊಂದು ವಿವೇಚನೆ ಬೇಕು. ಪಟ್ಟಕ್ಕೆ ಬರುವುದು ಬೇರೆ, ಪಟ್ಟಾಭಿಷೇಕ ಬೇರೆ. ಇಂಗ್ಲೆಂಡಿನ ಎಂಟನೆಯ ಎಡ್ವರ್ಡನು 1936ರ ಜನವರಿಯಲ್ಲಿ ಪಟ್ಟಕ್ಕೆ ಬಂದು ಡಿಸೆಂಬರಿನಲ್ಲಿ ಅದನ್ನು ತ್ಯಜಿಸಿದನು. ಅವನಿಗೆ ಅಭಿಷೇಕವಾಗಲೇ ಇಲ್ಲ, ಆದರೂ ಅವನು ಅರಸನಾಗಿದ್ದನು. ಐದನೆಯ ಜಾರ್ಜನ ಅಭಿಷೇಕವು ನಡೆದುದು 1911ರ ಜೂನ್ 22ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ. ಅದೇ ವರ್ಷದ ಡಿಸೆಂಬರ್ 12ರ ದಿಲ್ಲಿಯ ಸಮಾರಂಭವು ಬರಿಯ ದರ್ಬಾರು, ಪಟ್ಟಾಭಿಷೇಕವಲ್ಲ. ಕೈಕೇಯಿಯ ವರದಿಂದ ಶ್ರೀರಾಮನಿಗೆ ತಪ್ಪಿದುದೂ ಯೌವರಾಜ್ಯಾಭಿಷೇಕವೇ ಹೊರತು ರಾಜ್ಯಾಭಿಷೇಕವಲ್ಲ. ಅದಕ್ಕೂ ಮೊದಲು ದಶರಥನು ಪರಿಷತ್ತನ್ನು ಕೂಡಿಸಿ ಸಮ್ಮತಿಯನ್ನು ಕೇಳಿದನೆಂಬುದನ್ನು ಮರೆಯಬಾರದು.

ಅಭಿಷೇಕದ ತಿರುಳಿರುವುದು ನೀರಿನಲ್ಲಲ್ಲ, ಆಣೆಯಲ್ಲಿ. ಐತರೇಯ ಬ್ರಾಹ್ಮಣದ ವಿಧಿಯಂತೆ ಅರಸನು ಪುರೋಹಿತನ ಮುಂದೆ, ನಿನಗೆ ದ್ರೋಹ ಬಗೆದೆನಾದರೆ ನನ್ನ ಪುಣ್ಯವೂ ಆಯುಷ್ಯವೂ ಸಂತಾನವೂ ಹೋಗಲಿ ಎಂದು ಪ್ರತಿಜ್ಞೆ ಮಾಡಬೇಕು. ಕಟ್ಟಳೆಗೆ ಕಟ್ಟುಬೀಳದವನಿಗೆ ಪಟ್ಟವಿಲ್ಲವೆಂಬುದೇ ಇದರ ಇಂಗಿತವೆಂದು ನಾನು ತಿಳಿಯುತ್ತೇನೆ.

ಹಾಗಾದರೆ ಪಟ್ಟ ಕಟ್ಟುವ ಅಧಿಕಾರವು ಯಾರದು? 1824ರಲ್ಲಿ ಕಿತ್ತೂರಿನ ಮುಂದಿದ್ದ ಪ್ರಶ್ನೆ ಇದೇ. ದತ್ತಕವನ್ನು ಕಂಪನಿಯ ಅಧಿಕಾರಿಗಳು ಒಪ್ಪಲಿಲ್ಲ. ಕಿತ್ತೂರಿಗೆ ಒಡೆಯನಾರೆಂಬುದನ್ನು ಧಾರವಾಡದ ಕಲೆಕ್ಟರನು ನಿರ್ಣಯಿಸಹೊರಟನು. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯು ಅದಕ್ಕೆ ಉತ್ತರ ಕೊಟ್ಟಿತು. ಕಲೆಕ್ಟರ್ ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ಪ್ರಶ್ನೆಯು ಮಾತ್ರ ಬೀಳಲಿಲ್ಲ.

1950ರ ಜನವರಿ 26ರಿಂದ ಭಾರತದಲ್ಲಿ ಅರಸರಿಗೆ ಪಟ್ಟ ಕಟ್ಟುವ ಕೆಲಸವು ಮುಗಿಯಿತು. ಆಣೆಯೊಂದು ಉಳಿದಿದೆ. ಸಂವಿಧಾನವನ್ನು ಕಾಯುವೆನು, ಜನರ ಸೇವೆಗೆ ನನ್ನನ್ನು ಒಪ್ಪಿಸಿಕೊಳ್ಳುವೆನು ಎಂದು ರಾಷ್ಟ್ರಪತಿಗಳು ಪ್ರತಿಜ್ಞೆ ಮಾಡುತ್ತಾರೆ. ಉಪಾಧ್ಯಾಯರೇ, ಮಕ್ಕಳಿಗೆ ಈ ಶಬ್ದವನ್ನು ಕಲಿಸುವಾಗ ಕಿರೀಟದ ಹೊಳಪಿಗಿಂತ ಮೊದಲು ಆ ಆಣೆಯನ್ನು ತಿಳಿಸಿರಿ ಎಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.